ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರ್ಬ್ಯುರೇಟರ್ ಹೊಸದು, ತೊಂದರೆ ಹಳೆಯದು

ಹಳೆಯ ಪೆಟ್ರೋಲ್ ಟ್ರಕ್ ಇಟ್ಟುಕೊಂಡವರಿಂದ ಬಂದ ಪತ್ರಗಳಲ್ಲಿ ಒಂದಕ್ಕೊಂದು ನಂಟಿರುವ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ. ಮೊದಲ ಪ್ರಶ್ನೆಯ ಉತ್ತರ ದೀರ್ಘವಾಗಿದೆ. ಉಳಿದ ಉತ್ತರಗಳು ಅದನ್ನೇ ಆಧರಿಸಿರುವುದರಿಂದ ದಯವಿಟ್ಟು ಅದನ್ನು ಮೊದಲು ಓದಿಕೊಳ್ಳಿ.

ಪ್ರಶ್ನೆ: ನನ್ನದು ಆರು ಸಿಲಿಂಡರ್‌ಗಳ ಹಳೆಯ ಟ್ರಕ್. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಇರುವಂಥದು. ಕಾರ್ಬ್ಯುರೇಟರಿನ ಥ್ರಾಟಲ್ ಶಾಫ್ಟ್ ಸವೆದು ಅಲ್ಲಾಡುತ್ತಿದ್ದುದರಿಂದ ಅದನ್ನು ತೆಗೆದು ಹೊಸದನ್ನು ಹಾಕಿದೆ. ಈಗ ಇಂಜಿನ್ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ) ಓಡುತ್ತ ಉಳಿಯುವುದೇ ಇಲ್ಲ. ಆಫ್ ಆಗದಿರಲೆಂದು ಸ್ಪೀಡ್ ಸ್ಕ್ರೂ ತಿರುಗಿಸಿದರೆ ನಿಮಿಷಕ್ಕೆ 1000 ಸುತ್ತಿಗೂ ಮೇಲೆ ಓಡುತ್ತದೆ. ಗಾಳಿ-ಪೆಟ್ರೋಲ್ ಹದ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಪೂರ್ತಿ ಒಳಕ್ಕೆ ತಿರುಗಿಸಿದರೂ ಇಂಜಿನ್ ಆಫ್ ಆಗುವುದಿಲ್ಲ. ಹೊಸ ಕಾರ್ಬ್ಯುರೇಟರಿನಲ್ಲೇ ದೋಷವಿರಬಹುದೇ? ಹಿಂದಿರುಗಿಸಲೇ?

ಉತ್ತರ: ಹಿಂದಿರುಗಿಸುವ ಅವಸರ ಬೇಡ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಕೊನೆಯ ವಿವರ. ಮಿಕ್ಸ್ಚರ್ ಸ್ಕ್ರೂ ಹತೋಟಿಯಲ್ಲಿಡುವುದು ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯ ಕೆಳಗಿರುವ ಒಂದು ಸಣ್ಣ ರಂಧ್ರವನ್ನು ಮಾತ್ರ. ಅದಕ್ಕಿಂತ ತುಸು ಮೇಲೆ, ಮುಚ್ಚಿದ ತಟ್ಟೆಯ ಅಂಚು ಗೋಡೆಗೆ ತಾಗುವ ಜಾಗದಲ್ಲಿ, ಇನ್ನೊಂದು ಕಿರಿದಾದ ಸೀಳು ಇರುತ್ತದೆ. ಆಕ್ಸಿಲರೇಟರನ್ನು ಮೆಲ್ಲನೆ ಒತ್ತಿದಾಗ, ಮುಖ್ಯ ಜೆಟ್ ಕೆಲಸ ಶುರುಮಾಡುವವರೆಗಿನ ಅಂತರದಲ್ಲಿ ಪೆಟ್ರೋಲ್ ಒದಗಿಸುವುದು ಈ ಸೀಳಿನ ಹೊಣೆ. ಐಡಲಿಂಗ್‌ನಲ್ಲಿ ಅದರ ಬಹುಭಾಗ ತಟ್ಟೆಯ ಮೇಲ್ಬದಿಗೇ ಉಳಿದಿರಬೇಕು. ಸ್ಪೀಡ್ ಸ್ಕ್ರೂ ತಿರುಗಿಸುತ್ತ ಹೋದಂತೆ ತಟ್ಟೆ ತೆರೆದುಕೊಂಡು ಸೀಳು ಹೊರಬೀಳುತ್ತದೆ. ಇಂಜಿನ್ ಅಲ್ಲಿಂದ ಪೆಟ್ರೋಲ್ ಎಳೆದುಕೊಳ್ಳತೊಡಗುತ್ತದೆ. ಆಮೇಲೆ ನೀವು ಮಿಕ್ಸ್ಚರ್ ಸ್ಕ್ರೂವನ್ನು ಹೇಗೆ ತಿರುಗಿಸಿದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಾಗಾದರೆ ತಟ್ಟೆಯನ್ನು ಅಷ್ಟೊಂದು ತೆರೆಯಬೇಕಾಗಿ ಬಂದದ್ದೇಕೆ? ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬಿದ್ದಿರುವುದು. ಕಿಡಿ ತಡವಾಗಿ ಹಾರಿದರೆ ಪಿಸ್ಟನ್ ಕೆಳಗಿಳಿಯಲು ಶುರುಮಾಡಿದ ಮೇಲೂ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ; ಶಕ್ತಿಯ ಒಂದು ಪಾಲು ಪಿಸ್ಟನ್ನನ್ನು ತಳ್ಳದೆ ಶಾಖವಾಗಿ ಎಕ್ಸಾಸ್ಟ್ ದಾರಿ ಹಿಡಿಯುತ್ತದೆ. ದುರ್ಬಲವಾದ ಇಂಜಿನ್ ತಿರುಗುತ್ತಿರಬೇಕಾದರೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ಬೇಕು, ಅಂದರೆ ತಟ್ಟೆ ಇನ್ನಷ್ಟು ತೆರೆಯಬೇಕು. ದೋಷ ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ, ಬೈಗುಳ ಕಾರ್ಬ್ಯುರೇಟರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಆದ್ದರಿಂದ ಕಾರ್ಬ್ಯುರೇಟರಿನ ಸ್ಕ್ರೂಗಳನ್ನು ಸದ್ಯಕ್ಕೆ ಮುಟ್ಟದೆ ಪಾಯಿಂಟ್‌ನಿಂದ, ಅಂದರೆ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತ ಕಿಡಿ ಹಾರಿಸುವ ಸ್ವಿಚ್ಚಿನಿಂದ, ಶುರುಮಾಡಿ. ಪಾಯಿಂಟ್ ಅಂತರ ಸರಿಪಡಿಸದೆ ಟೈಮಿಂಗ್ ನೋಡುವುದು ವ್ಯರ್ಥ, ಏಕೆಂದರೆ ಅಂತರ ಬದಲಾದರೆ ಟೈಮಿಂಗ್ ಬದಲಾಗುತ್ತದೆ. ಟೈಮಿಂಗ್ ಬದಲಿಸಿದರೆ ಅಂತರಕ್ಕೆ ಏನೂ ಆಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಮ್‌ಗೆ ತಾಗಿಕೊಂಡಿರುವ ಫೈಬರ್ ತುಂಡು ಸವೆದಂತೆಲ್ಲ ಅಂತರ ಕಿರಿದಾಗಿ, ಪಾಯಿಂಟ್ ತಡವಾಗಿ ತೆರೆದು, ಟೈಮಿಂಗ್ ತಾನಾಗಿಯೇ ಹಿಂದಕ್ಕೆ ಜಾರುತ್ತದೆ. ಯಾರೂ ಡಿಸ್ಟ್ರಿಬ್ಯೂಟರನ್ನು ಮುಟ್ಟಿಲ್ಲ ಎಂಬ ಕಾರಣಕ್ಕೆ ಟೈಮಿಂಗ್ ಸರಿಯಿದೆ ಎಂದು ನಂಬುವುದು ಇದರಿಂದಲೇ ತಪ್ಪು. ಅಂತರ ಸಾಮಾನ್ಯವಾಗಿ 0.4ರಿಂದ 0.5 ಮಿ.ಮೀ. ಒಳಗೆ ಇರುತ್ತದೆ, ನಿಮ್ಮ ಇಂಜಿನ್ನಿನ ಕೈಪಿಡಿಯ ಅಂಕಿಯೇ ಅಂತಿಮ. ಹಳೆಯ ಪಾಯಿಂಟ್‌ನಲ್ಲಿ ಒಂದು ಮುಖದ ಮೇಲೆ ಗುಳಿ, ಎದುರಿನ ಮುಖದ ಮೇಲೆ ಸಾಸಿವೆಯಷ್ಟು ಗುಬುಟು ಎದ್ದಿರುತ್ತದೆ. ಫೀಲರ್ ಗೇಜಿನ ಪಟ್ಟಿ ಆ ಗುಬುಟಿನ ಮೇಲೆ ಕುಳಿತು ಸುಳ್ಳು ಅಳತೆ ಕೊಡುತ್ತದೆ. ಅಂಥದ್ದನ್ನು ಉಜ್ಜಿ ಸರಿಮಾಡುವುದಕ್ಕಿಂತ ಬದಲಿಸುವುದೇ ಲೇಸು. ಪಾಯಿಂಟ್ ಎಷ್ಟು ಹೊತ್ತು ಕೂಡಿರುತ್ತದೆ ಎಂದು ಅಳೆಯುವ ಡ್ವೆಲ್ ಮೀಟರ್ ಇದ್ದರೆ ಅದು ಫೀಲರ್ ಗೇಜಿಗಿಂತ ನಂಬಿಕಸ್ಥ.

ಬಳಿಕ ಕಿಡಿ ಹಾರಿದಾಗಲೆಲ್ಲ ಮಿಣುಕುವ ಟೈಮಿಂಗ್ ಲೈಟ್. ಇಂಜಿನ್ ಪೂರ್ತಿ ಬಿಸಿಯಾಗಿರಲಿ, ಚೋಕ್ ಸಂಪೂರ್ಣ ತೆರೆದಿರಲಿ. ಕ್ರ್ಯಾಂಕ್ ಪುಲ್ಲಿಯ ಮೇಲಿನ ಗೆರೆಯನ್ನು ಚಿಂದಿಯಿಂದ ಒರೆಸಿ ಸೀಮೆಸುಣ್ಣದಿಂದ ತೀಡಿಡಿ, ಇಲ್ಲದಿದ್ದರೆ ಗ್ರೀಸ್ ಮಸಿಯಲ್ಲಿ ಅದು ಕಾಣುವುದೇ ಇಲ್ಲ. ಲೈಟಿನ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಹಾಕಿ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಹೋಸನ್ನು ಕಳಚಿ, ಕಾರ್ಬ್ಯುರೇಟರ್ ಕಡೆಯ ತುದಿಗೆ ಬಿರಡೆ ಹಾಕಿ. ಬಿರಡೆ ಹಾಕದೆ ಬಿಟ್ಟರೆ ನೀವೇ ಒಂದು ಏರ್ ಲೀಕ್ ಸೃಷ್ಟಿಸಿದಂತಾಗಬಹುದು. ಇಂಜಿನ್ ವೇಗ ಕೈಪಿಡಿ ಹೇಳುವ ಐಡಲಿಂಗ್ ವೇಗದಲ್ಲೇ ಇರಬೇಕು. ನಿಮ್ಮ ಟ್ರಕ್ಕಿನ ಈಗಿನ 1000 ಸುತ್ತಿನಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ, ವೇಗ ಏರಿದಂತೆ ಟೈಮಿಂಗನ್ನು ಮುಂದಕ್ಕೆ ಒಯ್ಯುವ ತೂಕದ ಬಿಲ್ಲೆಗಳು ಆಗಲೇ ಹೊರಕ್ಕೆ ಸರಿಯಲು ಶುರುಮಾಡಿರಬಹುದು. ಆಗ ಲೈಟ್ ತೋರಿಸುವ ಅಂಕಿ ಮೂಲ ಟೈಮಿಂಗ್ ಆಗಿರುವುದಿಲ್ಲ. ಇಂಜಿನ್ ಒಂದು ಅರ್ಧ ನಿಮಿಷವಾದರೂ ಆಫ್ ಆಗದೆ ಓಡುವಷ್ಟು ಕೆಳಗಿನ ವೇಗಕ್ಕೆ ಇಳಿಸಿ ಓದಿಕೊಳ್ಳಿ. ಡಿಸ್ಟ್ರಿಬ್ಯೂಟರನ್ನು ಹಿಡಿದಿರುವ ಬೋಲ್ಟನ್ನು, ಕೈಯಿಂದ ಒತ್ತಿ ತಿರುಗಿಸಿದರೆ ಮಾತ್ರ ತಿರುಗುವಷ್ಟು ಸಡಿಲಿಸಿದರೆ ಸಾಕು. ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಡಿಸ್ಟ್ರಿಬ್ಯೂಟರನ್ನು ತಿರುಗಿಸಿದರೆ ಟೈಮಿಂಗ್ ಮುಂದಕ್ಕೆ, ಅದೇ ದಿಕ್ಕಿಗೆ ತಿರುಗಿಸಿದರೆ ಹಿಂದಕ್ಕೆ ಹೋಗುತ್ತದೆ. ಡಿಸ್ಟ್ರಿಬ್ಯೂಟರ್ ಸುತ್ತುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಹಾಗಾಗಿ ನೀವು ಇಲ್ಲಿ ತಿರುಗಿಸುವ 1 ಡಿಗ್ರಿ ಪುಲ್ಲಿಯ ಮೇಲೆ 2 ಡಿಗ್ರಿಯಾಗಿ ಕಾಣುತ್ತದೆ. ಗೆರೆ ಕೈಪಿಡಿಯ ಅಂಕಿಗೆ ಕೂಡುವವರೆಗೆ ಕೂದಲೆಳೆಯಷ್ಟು ಅಲುಗಿಸಿ, ನೋಡಿ, ಮತ್ತೆ ಅಲುಗಿಸಿ. ಬೋಲ್ಟ್ ಬಿಗಿ ಮಾಡುವಾಗ ಜಾರುವುದುಂಟು, ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಲೈಟ್ ಹಿಡಿಯಿರಿ.

ಇಲ್ಲೊಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಟೈಮಿಂಗ್ ಲೈಟಿನ ಮಿಣುಕು ಬೆಳಕಿನಲ್ಲಿ ಓಡುತ್ತಿರುವ ಫ್ಯಾನ್ ನಿಂತೇ ಇರುವಂತೆ, ಇಲ್ಲವೇ ಸೋಮಾರಿಯಾಗಿ ತೇಲುತ್ತಿರುವಂತೆ ಕಾಣಬಹುದು. ಕಣ್ಣು ನಂಬುತ್ತದೆ, ಕೈ ಮುಂದೆ ಹೋಗುತ್ತದೆ. ತೋಳು ಮಡಚಿ, ಲೈಟಿನ ವೈರನ್ನು ಫ್ಯಾನ್ ಬೆಲ್ಟಿನಿಂದ ದೂರವಿಟ್ಟು, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗಾಳಿಯಾಡುವ ಬಯಲಿನಲ್ಲೇ ಈ ಕೆಲಸ ಮಾಡಿ.

ಟೈಮಿಂಗ್ ಸರಿಯಾದ ಮೇಲೆ ಸ್ಪೀಡ್ ಸ್ಕ್ರೂವನ್ನು ಹಿಂದಕ್ಕೆ ಬಿಡಲು ಸಾಧ್ಯವಾಗುತ್ತದೆ, ತಟ್ಟೆ ಮುಚ್ಚಿಕೊಳ್ಳುತ್ತದೆ, ಮಿಕ್ಸ್ಚರ್ ಸ್ಕ್ರೂವಿಗೆ ಜೀವ ಬರುತ್ತದೆ. ಅದನ್ನು ಮೊದಲು ಬೆರಳ ತುದಿಯ ಬಲದಿಂದಷ್ಟೇ ಒಳಕ್ಕೆ ತಿರುಗಿಸಿ ಕೂರಿಸಿ; ಸ್ಕ್ರೂಡ್ರೈವರಿನಿಂದ ಬಿಗಿದರೆ ಅದರ ಸೂಜಿ ಮೊನೆಯಲ್ಲಿ ಉಂಗುರದಂಥ ಗೀರು ಬಿದ್ದು ಮತ್ತೆಂದೂ ಸರಿಯಾಗಿ ಹೊಂದಿಸಲಾಗುವುದಿಲ್ಲ. ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದು ಇಂಜಿನ್ ಚಾಲೂ ಮಾಡಿ. ನಂತರ ಕಾಲು ಸುತ್ತಿನಷ್ಟು ತಿರುಗಿಸಿ, ಹತ್ತು ಸೆಕೆಂಡ್ ಕಾದು, ಕಿವಿಗೊಟ್ಟು ಕೇಳಿ. ಇಂಜಿನ್ ಒಳಕ್ಕೆ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದರೆ ಮುಳ್ಳು ಅತ್ಯಂತ ಮೇಲೆ ನಿಲ್ಲುವ ಜಾಗ ಹುಡುಕಿ. ಆರೋಗ್ಯವಾಗಿರುವ ಇಂಜಿನ್ ಸಮುದ್ರ ಮಟ್ಟದಲ್ಲಿ 17ರಿಂದ 21 ಇಂಚು ಪಾದರಸದಷ್ಟು ತೋರಿಸುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಇಂಚು ಕಳೆದುಕೊಳ್ಳಿ. ಮುಳ್ಳಿನ ಎತ್ತರಕ್ಕಿಂತ ಅದರ ಸ್ಥಿರತೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮುಳ್ಳು ಕೆಳಗೆ ನಿಂತಿದ್ದರೂ ಅಲುಗಾಡದಿದ್ದರೆ ಟೈಮಿಂಗ್ ಅಥವಾ ಏರ್ ಲೀಕ್ ಮೇಲೆ ಅನುಮಾನ. ತಾಳ ಹಾಕಿದಂತೆ ಒಂದೇ ಲಯದಲ್ಲಿ ಕುಸಿದು ಏಳುತ್ತಿದ್ದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಅದಕ್ಕೆ ಕಾರ್ಬ್ಯುರೇಟರಿನಲ್ಲಿ ಮದ್ದಿಲ್ಲ. ಮಿಕ್ಸ್ಚರ್ ಹೊಂದಿದಾಗ ವೇಗ ಏರುವುದರಿಂದ ಸ್ಪೀಡ್ ಸ್ಕ್ರೂವನ್ನು ಪುನಃ ಇಳಿಸಿ, ಮಿಕ್ಸ್ಚರನ್ನು ಇನ್ನೊಮ್ಮೆ ನೋಡಿ. ಎರಡು ಮೂರು ಸಲ ಹೀಗೆ ಹೋಗಿಬರಬೇಕಾಗುತ್ತದೆ. ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಈ ಸ್ಕ್ರೂ ಗಾಳಿಯ ದಾರಿಯಲ್ಲಿರುತ್ತದೆ, ಅಲ್ಲಿ ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. ನಿಮ್ಮದು ಯಾವ ಬಗೆಯೆಂದು ಜೊತೆಗೆ ಬಂದ ಚೀಟಿಯಲ್ಲಿ ನೋಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ಸ್ಕ್ರೂ ಮಾತು ಕೇಳದಿದ್ದರೆ ಏರ್ ಕ್ಲೀನರ್ ತೆಗೆದು, ಇಂಜಿನ್ ಐಡಲಿಂಗ್‌ನಲ್ಲಿರುವಾಗ, ಮುಖವನ್ನು ನೇರವಾಗಿ ಮೇಲೆ ತರದೆ ಓರೆಯಿಂದ ಟಾರ್ಚ್ ಹಿಡಿದು ಕಾರ್ಬ್ಯುರೇಟರಿನ ಗಂಟಲನ್ನು ನೋಡಿ. ನಡುವಿನ ಮುಖ್ಯ ನಳಿಗೆ ಒಣಗಿರಬೇಕು. ಅದರ ತುದಿಯಲ್ಲಿ ಹನಿ ಕೂಡಿಕೊಂಡು ತೊಟ್ಟಿಕ್ಕುತ್ತಿದ್ದರೆ ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಹೆಚ್ಚಾಗಿದೆ: ಫ್ಲೋಟ್ (ಬಟ್ಟಲಿನ ತೇಲುಬುರುಡೆ) ಎತ್ತರ ತಪ್ಪಿರಬಹುದು, ಸೂಜಿ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು, ಇಲ್ಲವೇ ಪೆಟ್ರೋಲ್ ಪಂಪಿನ ಒತ್ತಡ ಮಿತಿಮೀರಿರಬಹುದು. ಹೊಸದಾಗಿ ಪೆಟ್ಟಿಗೆಯಿಂದ ತೆಗೆದ ಕಾರ್ಬ್ಯುರೇಟರಿನ ಫ್ಲೋಟ್ ಸರಿಯಾಗಿಯೇ ಇರುತ್ತದೆ ಎಂಬ ಖಾತರಿ ಇಲ್ಲ. ಹಾಗೆ ಹನಿಯುತ್ತಿದ್ದು, ಫ್ಲೋಟ್ ಹೊಂದಿಸಿದರೂ ನಿಲ್ಲದಿದ್ದರೆ ಆಗ ಹಿಂದಿರುಗಿಸಿ, ನನ್ನ ತಕರಾರಿಲ್ಲ.

ಪ್ರಶ್ನೆ: ಕಾರ್ಬ್ಯುರೇಟರ್ ಬದಲಿಸಿದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ವೇಗ ತಕ್ಷಣ ಇಳಿಯುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಕೇಬಲ್, ಸ್ಪ್ರಿಂಗ್ ಎಲ್ಲ ಸರಿಯಿವೆ.

ಉತ್ತರ: ಇದು ಮಿಕ್ಸ್ಚರಿನಲ್ಲಿ ಗಾಳಿ ಹೆಚ್ಚಾದಾಗ ಕಾಣುವ ಲಕ್ಷಣ, ಮತ್ತು ಬದಲಿಸಿದ ಬೆನ್ನಲ್ಲೇ ಕಂಡಿದ್ದರೆ ಬುಡದ ಗ್ಯಾಸ್ಕೆಟ್ಟಿನ ಬಳಿ ಏರ್ ಲೀಕ್ ಇರುವ ಸಂಭವ ಹೆಚ್ಚು. ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದರೆ, ಹಳೆಯದರ ಚೂರು ಮ್ಯಾನಿಫೋಲ್ಡಿಗೆ (ಕಾರ್ಬ್ಯುರೇಟರಿನಿಂದ ಸಿಲಿಂಡರ್‌ಗಳಿಗೆ ಮಿಕ್ಸ್ಚರ್ ಒಯ್ಯುವ ಕೊಳವೆಗೆ) ಅಂಟಿಕೊಂಡು ಉಳಿದಿದ್ದರೆ, ಒಂದು ಕಡೆಯ ನಟ್ಟನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋಗಿದ್ದರೆ ಹೀಗಾಗುತ್ತದೆ. ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ, ಎದುರುಬದುರಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಮೆದು ಲೋಹದ ಬುಡವೇ ಬಾಗುತ್ತದೆ. ಹೊಸ ಕಾರ್ಬ್ಯುರೇಟರಿನಲ್ಲಿ ನಿಮ್ಮ ಟ್ರಕ್ಕಿಗೆ ಬೇಕಾಗದ ಹೆಚ್ಚುವರಿ ನಳಿಗೆಗಳಿದ್ದು, ಅವುಗಳ ಮೇಲಿನ ರಬ್ಬರ್ ಟೋಪಿ ಬಿದ್ದುಹೋಗಿದ್ದರೂ ಇದೇ ಫಲ.

ಲೀಕ್ ಹುಡುಕಲು ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಅಥವಾ ಕ್ಲೀನರ್ ಸಿಂಪಡಿಸುವವರನ್ನು ನಾನು ಬೆಂಕಿಗೆ ಆಹ್ವಾನ ಕೊಡುವವರು ಎಂದೇ ತಿಳಿಯುತ್ತೇನೆ. ಸಿಂಪಡಿಸುವ ಬಾಟಲಿಯಲ್ಲಿ ನೀರು ತುಂಬಿ, ಕೀಲುಗಳ ಮೇಲೆ ಸಣ್ಣಗೆ ಹಾಯಿಸಿ. ನೀರು ಸೀಳನ್ನು ಮುಚ್ಚಿದ ಆ ಕ್ಷಣಕ್ಕೆ ಇಂಜಿನ್ನಿನ ಸದ್ದು ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್ ವೈರ್‌ಗಳತ್ತ ನೀರು ಹೋಗದಿರಲಿ.

ಪ್ರಶ್ನೆ: ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಹೋಸ್ ಸಿಕ್ಕಿಸಲು ಹೊಸ ಕಾರ್ಬ್ಯುರೇಟರಿನಲ್ಲಿ ಎರಡು ನಳಿಗೆಗಳಿವೆ. ಒಬ್ಬ ಮೆಕ್ಯಾನಿಕ್ ಮೇಲಿನದಕ್ಕೆ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಕೆಳಗಿನದಕ್ಕೆ ಎನ್ನುತ್ತಾರೆ. ಅಲ್ಲದೆ, ತೂಕದ ಬಿಲ್ಲೆಗಳು ಇರುವಾಗ ಈ ವ್ಯಾಕ್ಯೂಮ್ ಏಕೆ ಬೇಕು?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಬರೋಣ. ಸಿಲಿಂಡರಿನ ಒಳಗೆ ಮಿಕ್ಸ್ಚರ್ ಉರಿದು ಮುಗಿಯಲು 2 ಮಿಲಿಸೆಕೆಂಡ್ ಬೇಕು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ನಿಮಿಷಕ್ಕೆ 600 ಸುತ್ತಿನಲ್ಲಿ ಅಷ್ಟು ಹೊತ್ತಿಗೆ ಕ್ರ್ಯಾಂಕ್ ತಿರುಗುವುದು ಸುಮಾರು 7 ಡಿಗ್ರಿ. 3000 ಸುತ್ತಿನಲ್ಲಿ ಅದೇ 2 ಮಿಲಿಸೆಕೆಂಡಿನಲ್ಲಿ 36 ಡಿಗ್ರಿ. ವೇಗ ಏರಿದಂತೆ ಕಿಡಿ ಇನ್ನಷ್ಟು ಮುಂಚಿತವಾಗಿ ಹಾರಬೇಕು. ಆ ಕೆಲಸ ತೂಕದ ಬಿಲ್ಲೆಗಳದು. ವೇಗ ಏರಿದಾಗ ಸಿಲಿಂಡರಿನಲ್ಲಿ ಗಾಳಿಯ ಸುಳಿ ಜೋರಾಗಿ ಉರಿಯೂ ಚುರುಕಾಗುವುದರಿಂದ ಈ ಮುನ್ನಡೆ ಒಂದು ಹಂತದಲ್ಲಿ ನಿಲ್ಲುತ್ತದೆ. ಖಾಲಿ ಟ್ರಕ್ ಸಮತಟ್ಟು ರಸ್ತೆಯಲ್ಲಿ ಹಗುರ ಕಾಲಿನಲ್ಲಿ ಓಡುವಾಗಿನ ಮಾತೇ ಬೇರೆ. ಆಗ ಸಿಲಿಂಡರಿನೊಳಗೆ ಹೋಗುವ ಮಿಕ್ಸ್ಚರ್ ಕಡಿಮೆ, ತೆಳು. ಅದು ನಿಧಾನವಾಗಿ ಉರಿಯುತ್ತದೆ. ಅಂಥ ಹೊತ್ತಿನಲ್ಲಿ ಇನ್ನೂ ಕೆಲವು ಡಿಗ್ರಿ ಮುಂದಕ್ಕೆ ಎಳೆಯುವುದು ವ್ಯಾಕ್ಯೂಮ್. ಭಾರ ಹೊತ್ತು ಏರು ಹತ್ತುವಾಗ ಥ್ರಾಟಲ್ ಪೂರ್ತಿ ತೆರೆದು ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಹೆಚ್ಚುವರಿ ಮುನ್ನಡೆ ತಾನಾಗಿಯೇ ಹಿಂದೆ ಸರಿಯುತ್ತದೆ, ನಾಕಿಂಗ್ (ಇಂಜಿನ್ನಿನ ಟಕಟಕ ಬಡಿತ) ತಪ್ಪುತ್ತದೆ. ಅದನ್ನು ಕಿತ್ತುಹಾಕಿದರೆ ಟ್ರಕ್ ಓಡದೇ ಇರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ನಳಿಗೆಗಳ ವಿಷಯ ಸರಳ. ಐಡಲಿಂಗ್‌ನಲ್ಲಿ ಎರಡರ ತುದಿಗೂ ಒಂದೊಂದಾಗಿ ಬೆರಳಿಟ್ಟು ನೋಡಿ. ಎಳೆತ ಇಲ್ಲದ್ದು ತಟ್ಟೆಯ ಮೇಲ್ಬದಿಯದು, ಎಳೆತ ಇರುವುದು ಮ್ಯಾನಿಫೋಲ್ಡಿನದು. ನಿಮ್ಮ ಇಂಜಿನ್ ಮೂಲದಲ್ಲಿ ಯಾವುದಕ್ಕೆ ಜೋಡಿಸಲ್ಪಟ್ಟಿತ್ತೋ ಅದಕ್ಕೇ ಜೋಡಿಸಿ. ಡಿಸ್ಟ್ರಿಬ್ಯೂಟರ್ ಮತ್ತು ಮೂಲ ಟೈಮಿಂಗ್ ಅಂಕಿ ಎರಡೂ ಅದನ್ನು ಗಮನದಲ್ಲಿಟ್ಟೇ ನಿಗದಿಯಾಗಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಐಡಲಿಂಗ್ ವೇಗವೂ ಬದಲಾಗುತ್ತದೆ, ಸ್ಕ್ರೂಗಳ ಕೆಲಸ ಮೊದಲಿನಿಂದ ಮಾಡಬೇಕಾಗುತ್ತದೆ.

ಪ್ರಶ್ನೆ: ಐಡಲಿಂಗ್ ಚೆನ್ನಾಗಿದೆ, ಓಟವೂ ಚೆನ್ನಾಗಿದೆ. ಆದರೆ ನಿಂತಲ್ಲಿಂದ ರೇಸ್ ಮಾಡಿದ ಕೂಡಲೇ ಒಂದು ಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಎಳೆಯುತ್ತದೆ.

ಉತ್ತರ: ಇಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಕಾರ್ಬ್ಯುರೇಟರಿನೊಳಗೆ ನೋಡುತ್ತ ಥ್ರಾಟಲನ್ನು ಕೈಯಿಂದ ಎಳೆಯಿರಿ. ಎಳೆದ ಮರುಗಳಿಗೆಯಲ್ಲೇ ನೂಲಿನಂಥ ಪೆಟ್ರೋಲ್ ಧಾರೆ ಚಿಮ್ಮಬೇಕು. ಥ್ರಾಟಲ್ ಒಂದಷ್ಟು ದೂರ ಸರಿದ ಮೇಲೆ ಚಿಮ್ಮಿದರೆ ಈ ಧಾರೆ ಚಿಮ್ಮಿಸುವ, ಕಾರ್ಬ್ಯುರೇಟರಿನೊಳಗಿನ ಆಕ್ಸಿಲರೇಟರ್ ಪಂಪಿನ ಕಡ್ಡಿಯಲ್ಲಿ ಆಟ ಉಳಿದಿದೆ, ಹೊಂದಿಸಿ. ಏನೂ ಚಿಮ್ಮದಿದ್ದರೆ ಪಂಪಿನ ಚರ್ಮದ ಬಟ್ಟಲು ಒಣಗಿರಬಹುದು ಅಥವಾ ದಾರಿ ಕಟ್ಟಿರಬಹುದು.

ಧಾರೆ ಸರಿಯಾಗಿದ್ದೂ ತೊಂದರೆ ಉಳಿದರೆ ಮತ್ತೆ ಡಿಸ್ಟ್ರಿಬ್ಯೂಟರಿಗೆ ಹೋಗಿ. ನಾನೇ ಒಮ್ಮೆ ಇಂಥದೇ ಮುಗ್ಗರಿಕೆಗೆ ಒಂದಿಡೀ ದಿನ ಕಾರ್ಬ್ಯುರೇಟರನ್ನು ಮೂರು ಸಲ ಬಿಚ್ಚಿ ಜೋಡಿಸಿದ್ದೆ. ಕೊನೆಗೆ ಸಿಕ್ಕ ದೋಷ, ಪಾಯಿಂಟಿಗೆ ಹೋಗುವ ಗೇಣುದ್ದವೂ ಇಲ್ಲದ ಮೆತ್ತನೆಯ ವೈರ್. ವ್ಯಾಕ್ಯೂಮ್ ಎಳೆದಾಗಲೆಲ್ಲ ಪಾಯಿಂಟ್ ಕೂತಿರುವ ತಟ್ಟೆ ತಿರುಗುತ್ತದೆ, ಅದರೊಂದಿಗೆ ಈ ವೈರ್ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆ ತುಂಡಾಗಿತ್ತು, ಹೊರಗಿನ ಹೊದಿಕೆ ಮಾತ್ರ ಏನೂ ಆಗದಂತೆ ನಗುತ್ತಿತ್ತು. ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತಿತ್ತು.

ಪ್ರಶ್ನೆ: ಟೈಮಿಂಗ್ ಲೈಟ್ ಇಲ್ಲದೆ ಟೈಮಿಂಗ್ ಇಡಬಹುದೇ? ಡಿಸ್ಟ್ರಿಬ್ಯೂಟರನ್ನು ಹೊರಗೆ ತೆಗೆದಿದ್ದೇನೆ, ಇಂಜಿನ್ ಈಗ ಚಾಲೂ ಆಗುವ ಸ್ಥಿತಿಯಲ್ಲೇ ಇಲ್ಲ.

ಉತ್ತರ: ಇಡಬಹುದು, ಪಾಯಿಂಟ್ ಇರುವ ವ್ಯವಸ್ಥೆಯಾದರೆ 12 ವೋಲ್ಟಿನ ಒಂದು ಸಣ್ಣ ಬಲ್ಬ್ ಸಾಕು. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ರಂಧ್ರದ ಮೇಲೆ ಹೆಬ್ಬೆರಳಿಟ್ಟು, ಇಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ. ಬೆರಳನ್ನು ಗಾಳಿ ತಳ್ಳಿದರೆ ಅದು ಕಂಪ್ರೆಷನ್ ಹೊಡೆತ. ಇದನ್ನು ಬಿಡಬೇಡಿ: ಆರು ಸಿಲಿಂಡರಿನ ಸಾಲು ಇಂಜಿನ್ನಿನಲ್ಲಿ ಒಂದನೆಯ ಮತ್ತು ಆರನೆಯ ಪಿಸ್ಟನ್ ಒಟ್ಟಿಗೇ ಮೇಲೆ ಬರುತ್ತವೆ, ಗೆರೆ ಎರಡಕ್ಕೂ ಒಂದೇ ರೀತಿ ಕೂಡುತ್ತದೆ. ತಪ್ಪು ಸುತ್ತಿನಲ್ಲಿ ಡಿಸ್ಟ್ರಿಬ್ಯೂಟರ್ ಇಳಿಸಿದರೆ ಇಂಜಿನ್ ಕಾರ್ಬ್ಯುರೇಟರಿನ ಬಾಯಿಂದ ಬ್ಯಾಕ್‌ಫೈರ್ ಹೊಡೆಯುತ್ತದೆಯೇ ಹೊರತು ಚಾಲೂ ಆಗುವುದಿಲ್ಲ.

ಕೈಪಿಡಿ 8 ಡಿಗ್ರಿ ಎಂದಿದ್ದರೆ ಗೆರೆಯನ್ನು ಆ 8ರ ಮೇಲೆ ನಿಲ್ಲಿಸಿ; ದಾಟಿದರೆ ಹಿಂದಕ್ಕೆ ತರಬೇಡಿ, ಮತ್ತೆ ಸುತ್ತಿ ಬನ್ನಿ, ಇಲ್ಲವಾದರೆ ಟೈಮಿಂಗ್ ಚೈನಿನ ಸಡಿಲ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರನ್ನು ರೋಟರ್ ಒಂದನೇ ವೈರಿನ ಕಡೆ ಮುಖ ಮಾಡುವಂತೆ ಇಳಿಸಿ. ಬಲ್ಬಿನ ಒಂದು ವೈರನ್ನು ಕಾಯಿಲಿನಿಂದ ಪಾಯಿಂಟಿಗೆ ಬರುವ ಜೋಡಣೆಗೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ಹಿಡಿಸಿ ಕೀ ಆನ್ ಮಾಡಿ. ಪಾಯಿಂಟ್ ಕೂಡಿದ್ದಾಗ ಬಲ್ಬ್ ಆರಿರುತ್ತದೆ. ಆರಿದ ಸ್ಥಿತಿಯಿಂದ ಡಿಸ್ಟ್ರಿಬ್ಯೂಟರನ್ನು ರೋಟರ್ ದಿಕ್ಕಿಗೆ ಎದುರಾಗಿ ಬಲು ನಿಧಾನವಾಗಿ ತಿರುಗಿಸಿ. ಬಲ್ಬ್ ಹೊತ್ತಿಕೊಂಡ ಆ ಬಿಂದುವಿನಲ್ಲಿ ಬಿಗಿ ಮಾಡಿ. ಕೀಯನ್ನು ಸುಮ್ಮನೆ ಆನ್ ಇಟ್ಟು ಊಟಕ್ಕೆ ಹೋಗಬೇಡಿ, ಕಾಯಿಲ್ ಸುಡುತ್ತದೆ. ಇಂಜಿನ್ ಚಾಲೂ ಆದ ಮೇಲೆ ಎರವಲು ತಂದಾದರೂ ಒಮ್ಮೆ ಲೈಟ್ ಹಿಡಿಯಿರಿ, ಏಕೆಂದರೆ ಬಿಲ್ಲೆಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಬಲ್ಬ್ ಅದನ್ನು ಹೇಳುವುದಿಲ್ಲ. ರೇಸ್ ಮಾಡಿದಾಗ ಗೆರೆ ನಯವಾಗಿ ಮುಂದೆ ಸರಿದು, ಬಿಟ್ಟಾಗ ಮೊದಲಿನ ಜಾಗಕ್ಕೆ ಮರಳಬೇಕು.

ಪ್ರಶ್ನೆ: ಲೈಟಿನಲ್ಲಿ ಟೈಮಿಂಗ್ ಸರಿಯಾಗಿ ತೋರಿಸುತ್ತದೆ, ಆದರೆ ಟ್ರಕ್ ಏರಿನಲ್ಲಿ ವಿಪರೀತ ನಾಕಿಂಗ್ ಮಾಡುತ್ತದೆ. ಟೈಮಿಂಗ್ ಹಿಂದಕ್ಕೆ ಇಟ್ಟರೆ ನಾಕಿಂಗ್ ನಿಲ್ಲುತ್ತದೆ. ಯಾವುದನ್ನು ನಂಬಲಿ?

ಉತ್ತರ: ಕಿವಿಯನ್ನು. ಅನೇಕ ಇಂಜಿನ್ನುಗಳ ಕ್ರ್ಯಾಂಕ್ ಪುಲ್ಲಿಯಲ್ಲಿ ಗೆರೆ ಇರುವ ಹೊರ ಉಂಗುರ ಮತ್ತು ಒಳಗಿನ ಗುಂಭದ ನಡುವೆ ರಬ್ಬರ್ ಪಟ್ಟಿ ಇರುತ್ತದೆ. ವಯಸ್ಸಾದ ರಬ್ಬರ್ ಬಿಟ್ಟುಕೊಂಡು ಉಂಗುರ ಜಾರಿದರೆ ಗೆರೆಯೂ ಜಾರುತ್ತದೆ, ಲೈಟ್ ಪ್ರಾಮಾಣಿಕವಾಗಿ ಸುಳ್ಳು ಹೇಳುತ್ತದೆ. ಪರೀಕ್ಷೆ ಹೀಗೆ: ಬ್ಯಾಟರಿ ಕಳಚಿ, ಎಲ್ಲ ಪ್ಲಗ್ ಬಿಚ್ಚಿ, ಒಂದನೇ ಪ್ಲಗ್ಗಿನ ರಂಧ್ರಕ್ಕೆ ಪಿಸ್ಟನ್ನನ್ನು ತಡೆಯುವ ತಿರುಪು ಕೂರಿಸಿ, ಕೈಯಿಂದ ಮಾತ್ರ, ಮೆತ್ತಗೆ, ಪಿಸ್ಟನ್ ತಾಗುವವರೆಗೆ ತಿರುಗಿಸಿ ಪುಲ್ಲಿಯ ಮೇಲೆ ಗುರುತು ಹಾಕಿ. ಎದುರು ದಿಕ್ಕಿಗೂ ಹಾಗೆಯೇ ತಿರುಗಿಸಿ ಇನ್ನೊಂದು ಗುರುತು ಹಾಕಿ. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಅತ್ಯಂತ ಮೇಲೆ ಬರುವ ಬಿಂದು. ಕಾರ್ಖಾನೆಯ ಗೆರೆ ಅಲ್ಲಿ ಕೂಡದಿದ್ದರೆ ಉಂಗುರ ಜಾರಿದೆ. ಹೊಸ ಗೆರೆ ಕೊರೆದು ಮುಂದುವರಿಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಮ್ಮೆ ಜಾರಿದ್ದು ಮತ್ತೆ ಜಾರುತ್ತದೆ, ಕಳಚಿ ಹಾರಿದರೆ ರೇಡಿಯೇಟರೂ ಉಳಿಯುವುದಿಲ್ಲ. ಹೊಸದನ್ನು ಹಾಕುವವರೆಗೆ ನಾಕಿಂಗ್ ಕೇಳಿಸದಷ್ಟು ಹಿಂದಕ್ಕೆ ಟೈಮಿಂಗ್ ಇಟ್ಟು, ಭಾರ ಹೇರದೆ, ನಿಧಾನವಾಗಿ ಓಡಿಸಿ.